ರೇಡಿಯೊದೊಳಗೊಂದು ಮರಕುಟಿಗ

ಮಕ್ಕಳೇ, ಹ್ಯಾಮ್ ರೇಡಿಯೊ ಗೊತ್ತಲ್ಲ? ಸರ್ಕಾರದಿಂದ ಪರವಾನಗಿ ಪಡೆದು, ಮನೆಯ ಮೇಲೆ ಆಂಟೆನಾ ಕಟ್ಟಿಕೊಂಡು, ದೂರದೇಶದವರ ಜೊತೆ ಮಾತಾಡುವ ಹವ್ಯಾಸ ಅದು. 1976ರ ಜುಲೈಯಲ್ಲಿ ಈ ಹವ್ಯಾಸಿಗಳ ಮಾತುಕತೆಯ ನಡುವೆ ಒಂದು ಸದ್ದು ನುಗ್ಗಿತು. ಟಕ್ ಟಕ್ ಟಕ್ ಟಕ್! ಸೆಕೆಂಡಿಗೆ ಹತ್ತು ಸಲ. ಅವರು ಅದಕ್ಕೆ ಮರಕುಟಿಗ ಎಂದೇ ಹೆಸರಿಟ್ಟರು.

ಈ ಹಕ್ಕಿ ಕೂತಿದ್ದೆಲ್ಲಿ? ಆಂಟೆನಾವನ್ನು ಸುತ್ತಲೂ ತಿರುಗಿಸಿದರೆ ಸದ್ದು ಯಾವ ದಿಕ್ಕಿನಿಂದ ಜೋರಾಗಿ ಬರುತ್ತಿದೆ ಎಂದು ತಿಳಿಯುತ್ತದೆ. ಬೇರೆ ಬೇರೆ ಊರಿನವರು ಆ ದಿಕ್ಕಿಗೆ ನಕಾಶೆಯ ಮೇಲೆ ಗೆರೆ ಎಳೆದರೆ, ಗೆರೆಗಳು ಕೂಡುವಲ್ಲೇ ಅದರ ಗೂಡು. ಹುಡುಕುತ್ತ ಹೋದವರಿಗೆ ಸಿಕ್ಕ ಜಾಗ, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಉಕ್ರೇನ್.

ಅಲ್ಲಿದ್ದದ್ದು 'ದುಗಾ' ಎಂಬ ಭಾರೀ ರೇಡಾರ್. ಚೆರ್ನೊಬಿಲ್ ಹತ್ತಿರ ನಿಂತಿದ್ದ ಅದರ ಆಂಟೆನಾ ಸುಮಾರು 150 ಮೀಟರ್ ಎತ್ತರ! ಬಹುದೂರದ ದೇಶದಲ್ಲಿ ಕ್ಷಿಪಣಿ ಹಾರಿದರೆ ಕೂಡಲೇ ಪತ್ತೆ ಮಾಡುವುದು ಅದರ ಕೆಲಸ. ಆದರೆ ಭೂಮಿ ಗುಂಡಗಿದೆ, ಸಾಮಾನ್ಯ ರೇಡಾರಿನ ಅಲೆಗಳು ನೇರ ಹೋಗುತ್ತವೆ. ದಿಗಂತದ ಆಚೆಯದು ಅದಕ್ಕೆ ಕಾಣುವುದು ಹೇಗೆ?

ಉಪಾಯ ಆಕಾಶದಲ್ಲೇ ಇತ್ತು. ನೆಲದಿಂದ ಹಲವು ಹತ್ತು ಕಿಲೋಮೀಟರ್ ಮೇಲೆ, ಸೂರ್ಯನ ಪ್ರಖರ ಕಿರಣಗಳು ಗಾಳಿಯ ಕಣಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸಿಬಿಡುತ್ತವೆ. ಆ ಪದರವೇ ಅಯಾನುಗೋಳ. ಕೇರಂ ಬೋರ್ಡಿನ ಅಂಚಿಗೆ ಬಡಿದ ಸ್ಟ್ರೈಕರ್ ದಿಕ್ಕು ಬದಲಿಸುವಂತೆ, ಶಾರ್ಟ್‌ವೇವ್ ಅಲೆಗಳು ಅಲ್ಲಿಂದ ತಿರುಗಿ ನೆಲಕ್ಕಿಳಿಯುತ್ತವೆ. ಹ್ಯಾಮ್‌ಗಳ ದನಿ ದೂರ ಹೋಗುವುದೂ ಹೀಗೆಯೇ.

ಹಾಗಾದರೆ ಒಂದೇ ಸಮನೆ ಕೂಗದೆ ಟಕ್ ಟಕ್ ಎಂದು ಕುಟ್ಟಿದ್ದೇಕೆ? ಒಂದು ಟಕ್ ಕಳಿಸಿದ ಮೇಲೆ ರೇಡಾರ್ ಅದರ ಪ್ರತಿಧ್ವನಿಗೆ ಕಾಯಬೇಕು. ಎರಡು ಟಕ್‌ಗಳ ನಡುವಿನ ಸಮಯ ಸೆಕೆಂಡಿನ ಹತ್ತರಲ್ಲಿ ಒಂದು ಪಾಲು. ಅಷ್ಟರಲ್ಲೇ ರೇಡಿಯೊ ಅಲೆ 30,000 ಕಿಲೋಮೀಟರ್ ಓಡುತ್ತದೆ. ಅಂದರೆ 15,000 ಕಿಲೋಮೀಟರ್ ಹೋಗಿ ಬರಲು ಅಷ್ಟು ಬಿಡುವು ಸಾಕು!

ಅಯಾನುಗೋಳ ಮಾತ್ರ ಒಂದೇ ರೀತಿ ಇರುವುದಿಲ್ಲ. ಹಗಲಿಗೊಂದು, ಇರುಳಿಗೊಂದು, ಋತುವಿಗೊಂದು ರೂಪ. ಮಧ್ಯಾಹ್ನ ಚೆನ್ನಾಗಿ ತಿರುಗಿ ಬರುವ ಕಂಪನಾಂಕದ ಅಲೆ ರಾತ್ರಿ ಪದರವನ್ನು ಸೀಳಿಕೊಂಡು ಬಾಹ್ಯಾಕಾಶಕ್ಕೆ ಹೋಗಿಬಿಡಬಹುದು. ಅದಕ್ಕೇ ದುಗಾ ಆಗಾಗ ಕಂಪನಾಂಕ ಬದಲಿಸುತ್ತಿತ್ತು. ಹಾಗೆ ಬದಲಿಸುತ್ತ ಹ್ಯಾಮ್‌ಗಳ ಜಾಗಕ್ಕೂ, ಪ್ರಸಾರ ಕೇಂದ್ರಗಳ ಜಾಗಕ್ಕೂ ಬಂದು ಕುಟ್ಟುತ್ತಿತ್ತು. 1989ರಲ್ಲಿ ಅದರ ಸದ್ದು ನಿಂತಿತು.

ಆಕಾಶದ ಈ ಆಟವನ್ನು ನೀವೂ ನೋಡಬಹುದು. ಮನೆಯಲ್ಲಿ ಹಳೆಯ ರೇಡಿಯೊ ಇದ್ದರೆ ಮೀಡಿಯಂ ವೇವ್‌ಗೆ ತಿರುಗಿಸಿ. ಮಧ್ಯಾಹ್ನ ಯಾವ ಕೇಂದ್ರಗಳು ಕೇಳಿಸುತ್ತವೆ, ಬರೆದಿಡಿ. ರಾತ್ರಿ ಮತ್ತೆ ಕೇಳಿ. ಹಗಲಿನಲ್ಲಿ ಈ ಅಲೆಗಳನ್ನು ಹೀರಿಕೊಳ್ಳುವ ಅಯಾನುಗೋಳದ ಕೆಳಪದರ ಸೂರ್ಯ ಮುಳುಗಿದ ಮೇಲೆ ಕರಗುತ್ತದೆ. ಆಗ ನಿಮ್ಮ ಪಟ್ಟಿಗೆ ಎಷ್ಟು ಹೊಸ ಊರುಗಳು ಸೇರುತ್ತವೆ, ಎಣಿಸಿ ನೋಡಿ.