ತಾನೇ ತೆರೆದುಕೊಳ್ಳುವ ಬಾಗಿಲು



ಸಂಪಿನಿಂದ ನೀರೆತ್ತುವ ಮೋಟಾರಿಗೆ ಫ್ಲೋಟ್ ಸ್ವಿಚ್ ಹಾಕಿಸಿದ ಮನೆಯಲ್ಲಿ ಮಗ ಹೇಳುತ್ತಾನೆ: ‘ಟ್ಯಾಂಕು ತುಂಬಿದರೆ ಆಟೊಮ್ಯಾಟಿಕ್ಕಾಗಿ ಆಫ್ ಆಗುತ್ತೆ.’ ಅಜ್ಜಿ ಹೇಳುತ್ತಾರೆ: ‘ತಾನಾಗೇ ನಿಂತ್ಕೊಳ್ಳುತ್ತೆ.’ ಪಠ್ಯಪುಸ್ತಕದಲ್ಲಾದರೆ ಅದು ‘ಸ್ವಯಂಚಾಲಿತ’. ಈ ಮೂರು ಮಾತುಗಳ ಹಿಂದೆ ಸ್ವಲ್ಪ ದೂರ ಹೋಗಿಬರೋಣ.

ಆಟೊಮ್ಯಾಟಿಕ್ ಎಂಬುದರ ಮೂಲ ಗ್ರೀಕಿನ ‘ಆಟೊಮಾಟೊಸ್’. ಹೋಮರನ ಇಲಿಯಡ್‌ನಲ್ಲಿ ದೇವಶಿಲ್ಪಿ ಹೆಫೈಸ್ಟಸ್ ಮೂರು ಕಾಲಿನ ಪೀಠಗಳಿಗೆ ಚಿನ್ನದ ಗಾಲಿ ಜೋಡಿಸುತ್ತಾನೆ. ಅವು ತಾವೇ ಉರುಳಿಕೊಂಡು ದೇವತೆಗಳ ಸಭೆಗೆ ಹೋಗಿಬರುತ್ತವೆ. ಅಲ್ಲಿ ಬಳಕೆಯಾಗಿರುವುದು ಈ ಪದವೇ. ‘ಆಟೊ’ ಅಂದರೆ ತಾನು. ನಮ್ಮ ಆಟೊರಿಕ್ಷಾದಲ್ಲಿ ಇರುವುದೂ ಅದೇ. ರಿಕ್ಷಾ ಬಂದದ್ದು ಜಪಾನಿನ ‘ಜಿನ್‌ರಿಕಿಶಾ’ದಿಂದ; ಮನುಷ್ಯಬಲದ ಗಾಡಿ ಎಂದು ಅರ್ಥ. ಎಳೆಯುವ ಮನುಷ್ಯ ಹೋಗಿ ಎಂಜಿನ್ ಬಂತು. ಆದರೆ ಹ್ಯಾಂಡಲ್ ಹಿಡಿದ ಮನುಷ್ಯ ಹಾಗೇ ಉಳಿದ.

ಹಾಗಾಗಿ ತಾನಾಗಿ ನಡೆಯುವುದು ಎಂದಾಗ ಕೇಳಬೇಕಾದ ಪ್ರಶ್ನೆ ಎರಡು. ಬಲ ಯಾರದು? ಯಾವಾಗ ನಡೆಯಬೇಕು, ಯಾವಾಗ ನಿಲ್ಲಬೇಕು ಎಂಬ ತೀರ್ಮಾನ ಯಾರದು?

ನಮ್ಮ ಹಳಬರು ಈ ಬಗೆಯ ಭೇದಗಳನ್ನು ಕಂಡಿದ್ದರು. ಧಾರಾನಗರದ ಭೋಜರಾಜನದೆನ್ನುವ, 11ನೇ ಶತಮಾನದ ‘ಸಮರಾಂಗಣ ಸೂತ್ರಧಾರ’ದಲ್ಲಿ ಯಂತ್ರಗಳಿಗೇ ಒಂದು ಅಧ್ಯಾಯವಿದೆ. ಅದು ಹೇಳುವ ಬಗೆಗಳಲ್ಲಿ ಒಂದು ಸ್ವಯಂವಾಹಕ, ತಾನೇ ನಡೆಯುವಂಥದು. ಇನ್ನೊಂದು ಸಕೃತ್ಪ್ರೇರ್ಯ, ಒಮ್ಮೆ ನೂಕಿದರೆ ಸಾಕೆನ್ನುವಂಥದು. ಕೀಲಿ ಕೊಟ್ಟ ಗಡಿಯಾರ, ಗುಂಡಿ ಒತ್ತಿದ ವಾಷಿಂಗ್ ಮಷಿನ್ ಈ ಎರಡನೆಯ ಸಾಲಿನವು. ಇಷ್ಟು ನಿಖರವಾದ ಪದ ನಮ್ಮ ಬಳಕೆಯಿಂದ ಜಾರಿಹೋದದ್ದು ನನಗೆ ನಿಜಕ್ಕೂ ನಷ್ಟವೆನಿಸುತ್ತದೆ. ಸುಮಾರು 1150ರಲ್ಲಿ ಭಾಸ್ಕರಾಚಾರ್ಯರು ಅರೆಗಳಲ್ಲಿ ಪಾದರಸ ತುಂಬಿದ ‘ಸ್ವಯಂವಹ’ ಚಕ್ರವನ್ನು ವರ್ಣಿಸಿದರು. ಹೊರಗಿನ ಶಕ್ತಿಯಿಲ್ಲದೆ ಅಂಥ ಚಕ್ರ ತಿರುಗುತ್ತಲೇ ಇರಲಾರದು ಎಂದು ಇಂದಿನ ಭೌತವಿಜ್ಞಾನ ಹೇಳುತ್ತದೆ. ತಾನೇ ನಡೆಯುವುದಕ್ಕೂ ಎಲ್ಲಿಂದಲೋ ಬಲ ಸಿಗಲೇಬೇಕು.

ಆ ಬಲವನ್ನು ನೀರಿನಿಂದಲೇ ಪಡೆದವರು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಮುಂಬಯಿ ಪ್ರಾಂತ್ಯದ ಎಂಜಿನಿಯರಾಗಿದ್ದಾಗ ಅವರು ರೂಪಿಸಿದ ಗೇಟುಗಳನ್ನು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಲಾಯಿತು. ನೀರು ಗೊತ್ತಾದ ಮಟ್ಟ ಮುಟ್ಟುವ ತನಕ ಗೇಟು ಮುಚ್ಚಿರುತ್ತದೆ. ಮಟ್ಟ ಮೀರಿದರೆ ತೆರೆದುಕೊಂಡು ಹೆಚ್ಚಿನ ನೀರನ್ನು ಹೊರಬಿಡುತ್ತದೆ. ಪ್ರವಾಹ ಇಳಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ನಡುರಾತ್ರಿ ಮಳೆಯಲ್ಲಿ ಯಾರೂ ಓಡಿಹೋಗಿ ಚಕ್ರ ತಿರುಗಿಸಬೇಕಾಗಿಲ್ಲ. ಅಣೆಕಟ್ಟೆಗೆ ಅಪಾಯವಾಗದಂತೆ ಹೆಚ್ಚು ನೀರು ನಿಲ್ಲಿಸಿಕೊಳ್ಳಲೂ ಆಯಿತು. ಮುಂದೆ ಕನ್ನಂಬಾಡಿಗೂ ಸ್ವಯಂಚಾಲಿತ ಗೇಟುಗಳು ಬಂದವು. ಇಲ್ಲಿ ಬಲ ಕೊಡುವುದೂ ನೀರು, ಹೊತ್ತು ತಿಳಿಸುವುದೂ ನೀರು. ಸ್ವಯಂಚಾಲಿತ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅದರ ನೆರೆಹೊರೆಯ ಪದಗಳು ಅದಕ್ಕೆ ಸಮನಲ್ಲ. ‘ಯಾಂತ್ರೀಕೃತ’ ಎಂದರೆ ಕೈಕೆಲಸ ಯಂತ್ರಕ್ಕೆ ಹೋಯಿತು ಎಂದಷ್ಟೆ. ಯಂತ್ರದ ಪಕ್ಕ ಆಳು ನಿಂತಿರಬಹುದು. ಕಾವು ಹೆಚ್ಚಿದಾಗ ಕರೆಂಟು ಕಡಿದುಕೊಳ್ಳುವ ಇಸ್ತ್ರಿಪೆಟ್ಟಿಗೆಗೆ ‘ಸ್ವಯಂನಿಯಂತ್ರಿತ’ ಎಂಬುದು ಸರಿಹೊಂದುತ್ತದೆ. ‘ಸ್ವಾಯತ್ತ’ ಇನ್ನೂ ಮುಂದಿನದು: ದಾರಿಯಲ್ಲಿ ಹಸು ಅಡ್ಡ ಬಂದರೆ ಏನು ಮಾಡಬೇಕೆಂದು ವಾಹನವೇ ತೀರ್ಮಾನಿಸಬೇಕು. 2020ರ ಡಿಸೆಂಬರಿನಲ್ಲಿ ದೆಹಲಿ ಮೆಟ್ರೊದಲ್ಲಿ ಓಡತೊಡಗಿದ ರೈಲನ್ನು ‘ಚಾಲಕರಹಿತ’ ಎನ್ನುತ್ತೇವೆ. ಆ ಪದ ಯಾರಿಲ್ಲ ಎಂಬುದನ್ನು ಹೇಳುತ್ತದೆ, ಹೇಗೆ ನಡೆಯುತ್ತದೆ ಎಂಬುದನ್ನಲ್ಲ.

ಇನ್ನು ಅಜ್ಜಿಯ ಮಾತು, ‘ನಿಂತ್ಕೊಳ್ಳುತ್ತೆ’. ‘ಬಾಗಿಲು ಮುಚ್ಚಿದ’ ಎಂದರೆ ಮುಚ್ಚಿದವನೊಬ್ಬ ಇದ್ದಾನೆ. ‘ಬಾಗಿಲು ಮುಚ್ಚಿಕೊಂಡಿತು’ ಎಂದರೆ ಅವನಿಲ್ಲ. ‘ಕೊಳ್ಳು’ ಎಂಬ ಪುಟ್ಟ ಧಾತು ಕ್ರಿಯಾಪದದ ಬಾಲಕ್ಕೆ ಸೇರಿ, ‘ಸ್ವಯಂಚಾಲಿತ’ ಮಾಡುವ ಕೆಲಸವನ್ನು ಸದ್ದಿಲ್ಲದೆ ಮಾಡಿಬಿಡುತ್ತದೆ. ಲಿಫ್ಟಿನ ಪಕ್ಕದ ಫಲಕದಲ್ಲಿ ‘ದ್ವಾರವು ಸ್ವಯಂಚಾಲಿತವಾಗಿ ಮುಚ್ಚಲ್ಪಡುತ್ತದೆ’ ಎಂದು ಬರೆಯಬೇಕಾಗಿಲ್ಲ. ‘ಬಾಗಿಲು ಮುಚ್ಚಿಕೊಳ್ಳುತ್ತದೆ, ಕೈ ಇಡಬೇಡಿ’ ಎಂದರೆ ಮಗುವಿಗೂ ತಿಳಿಯುತ್ತದೆ.