ಗಣಕಯಂತ್ರವು ಚಾಲನೆಗೊಳ್ಳದಿದ್ದಾಗ

ಒಂದು ಕಾಲದಲ್ಲಿ ಕಚೇರಿ ಹಾಗೂ ಸಂಶೋಧನಾಲಯಗಳಿಗೆ ಸೀಮಿತವಾಗಿದ್ದ ಗಣಕಯಂತ್ರ ಅಥವಾ ಕಂಪ್ಯೂಟರ್ ಇಂದು ಮನೆಯ ಉಪಕರಣಗಳಲ್ಲಿ ಒಂದಾಗಿದೆ. ವಿದ್ಯಾರ್ಥಿಗಳ ಟಿಪ್ಪಣಿಗಳು, ಅರ್ಜಿಗಳ ಪ್ರತಿಗಳು, ಮನೆಯ ಲೆಕ್ಕಪತ್ರಗಳು, ಕುಟುಂಬದ ಛಾಯಾಚಿತ್ರಗಳು ಅದರಲ್ಲಿ ಸಂಗ್ರಹಗೊಂಡಿರುತ್ತವೆ. ಇಂತಹ ಯಂತ್ರವು ಗುಂಡಿ ಒತ್ತಿದಾಗ ಚಾಲನೆಗೊಳ್ಳದಿದ್ದರೆ, ಇಲ್ಲವೆ ಆರಂಭವಾದಂತೆ ತೋರಿ ಪುನಃ ಪುನಃ ನಿಂತುಹೋದರೆ, ಬಳಕೆದಾರರು ಕಂಗೆಡುವುದು ಸಹಜ. ಆದರೆ ಕ್ರಮವರಿತು ಪರಿಶೀಲಿಸಿದಲ್ಲಿ ದೋಷವು ಎಲ್ಲಿದೆ ಎಂಬುದನ್ನು ಬಹುಮಟ್ಟಿಗೆ ಮನೆಯಲ್ಲಿಯೇ ತಿಳಿಯಬಹುದು.

ದೆಹಲಿಯ ಕರೋಲ್ ಬಾಗ್ ಸಮೀಪದಲ್ಲಿರುವ ಓಲ್ಡ್ ರಾಜಿಂದರ್ ನಗರವನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. 1947ರ ದೇಶ ವಿಭಜನೆಯ ತರುವಾಯ ನಿರಾಶ್ರಿತರ ಪುನರ್ವಸತಿಗಾಗಿ ರೂಪುಗೊಂಡ ಈ ಬಡಾವಣೆಯು ಇಂದು ನಾಗರಿಕ ಸೇವಾ ಪರೀಕ್ಷೆಗಳ ತರಬೇತಿಗೆ ಹೆಸರಾಗಿದೆ. ಕರ್ನಾಟಕವೂ ಸೇರಿದಂತೆ ನಾನಾ ರಾಜ್ಯಗಳಿಂದ ಬಂದ ಅಭ್ಯರ್ಥಿಗಳು ಇಲ್ಲಿನ ಚಿಕ್ಕ ಬಾಡಿಗೆ ಕೊಠಡಿಗಳಲ್ಲಿ ವಾಸಿಸುತ್ತಾರೆ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಹಾಗೆ ಬರೆಯುವ ಅಭ್ಯರ್ಥಿಯು ಇಂಗ್ಲಿಷಿನಲ್ಲಿರುವ ಸಾಮಗ್ರಿಯನ್ನು ಓದಿ ತನ್ನ ಟಿಪ್ಪಣಿಗಳನ್ನು ತಾನೇ ಕನ್ನಡದಲ್ಲಿ ಸಿದ್ಧಪಡಿಸಿಕೊಳ್ಳಬೇಕಾಗುತ್ತದೆ. ವರ್ಷಗಟ್ಟಲೆ ಕೂಡಿಟ್ಟ ಈ ಟಿಪ್ಪಣಿಗಳು ಒಂದೇ ಯಂತ್ರದಲ್ಲಿದ್ದು, ಪರೀಕ್ಷೆ ಸಮೀಪಿಸಿದಾಗ ಆ ಯಂತ್ರವು ಮುಷ್ಕರ ಹೂಡಿದರೆ ಆಗುವ ನಷ್ಟವನ್ನು ಹಣದಿಂದ ಅಳೆಯಲಾಗದು.

ಆದುದರಿಂದ ಮೊದಲು ಮನಗಾಣಬೇಕಾದ ಸಂಗತಿಯೊಂದಿದೆ. ಯಂತ್ರದ ಚಾಲನೆ ಬೇರೆ, ಅದರೊಳಗಿನ ಮಾಹಿತಿ ಬೇರೆ. ಮಾಹಿತಿಯೆಲ್ಲವೂ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಎಂಬ ಸಂಗ್ರಾಹಕದಲ್ಲಿರುತ್ತದೆ. ಯಂತ್ರದ ಬೇರೆ ಯಾವ ಭಾಗ ಕೆಟ್ಟರೂ ಸಾಮಾನ್ಯವಾಗಿ ಸಂಗ್ರಾಹಕದಲ್ಲಿರುವುದು ಹಾಗೆಯೇ ಉಳಿದಿರುತ್ತದೆ. ದುರಸ್ತಿಯ ಅವಸರದಲ್ಲಿ ಅದನ್ನು ಅಳಿಸಿಹಾಕುವುದರಿಂದಲೇ ಎಷ್ಟೋ ವೇಳೆ ಹಾನಿಯುಂಟಾಗುತ್ತದೆ.

ಗಣಕಯಂತ್ರದ ಚಾಲನೆಯು ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದಾಗಿ, ಎಸ್‌ಎಂಪಿಎಸ್ ಎಂಬ ವಿದ್ಯುತ್ ಘಟಕವು ಮನೆಯ 230 ವೋಲ್ಟ್ ಪರ್ಯಾಯ ವಿದ್ಯುತ್ತನ್ನು 12, 5 ಹಾಗೂ 3.3 ವೋಲ್ಟ್‌ಗಳ ನೇರ ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಎರಡನೆಯದಾಗಿ, ಮುಖ್ಯ ಫಲಕದಲ್ಲಿರುವ ಆರಂಭಿಕ ತಂತ್ರಾಂಶವು ಸ್ಮೃತಿಕೋಶ, ಕೀಲಿಮಣೆ, ಪರದೆ ಮೊದಲಾದವು ಸರಿಯಿವೆಯೇ ಎಂದು ತನ್ನಷ್ಟಕ್ಕೆ ಪರೀಕ್ಷಿಸುತ್ತದೆ. ಮೂರನೆಯದಾಗಿ, ಅದು ಸಂಗ್ರಾಹಕದಲ್ಲಿರುವ ವಿಂಡೋಸ್ ಅಥವಾ ಲಿನಕ್ಸ್‌ನಂತಹ ಕಾರ್ಯಾಚರಣ ವ್ಯವಸ್ಥೆಯನ್ನು ಹುಡುಕಿ ಕೆಲಸಕ್ಕೆ ಹಚ್ಚುತ್ತದೆ. ಯಂತ್ರವು ಯಾವ ಹಂತದಲ್ಲಿ ನಿಲ್ಲುತ್ತದೆಯೋ ಅಲ್ಲಿಯೇ ದೋಷವನ್ನು ಅರಸಬೇಕು.

ದೀಪ ಬೆಳಗದೆ, ಫ್ಯಾನ್ ತಿರುಗದೆ ಇದ್ದರೆ ದೋಷವು ಮೊದಲ ಹಂತದ್ದು. ಅದೇ ಸಾಕೆಟ್ಟಿಗೆ ಮೇಜಿನ ದೀಪವನ್ನು ಜೋಡಿಸಿ ನೋಡಿದರೆ ವಿದ್ಯುತ್ ಬರುತ್ತಿದೆಯೇ ಎಂಬುದು ತಿಳಿಯುತ್ತದೆ. ಬಾಡಿಗೆ ಕೊಠಡಿಗಳಲ್ಲಿ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹೀಟರ್, ಇಸ್ತ್ರಿಪೆಟ್ಟಿಗೆ ಮತ್ತು ಕಂಪ್ಯೂಟರ್‌ಗಳನ್ನು ಒಟ್ಟಿಗೆ ಜೋಡಿಸುವ ರೂಢಿ ಅಪಾಯಕಾರಿ. ಲ್ಯಾಪ್‌ಟಾಪ್ ಆದಲ್ಲಿ ಚಾರ್ಜರನ್ನು ತೆಗೆದು, ಗುಂಡಿಯನ್ನು ಸುಮಾರು ಅರ್ಧ ನಿಮಿಷ ಒತ್ತಿಹಿಡಿದು, ಮತ್ತೆ ಚಾರ್ಜರನ್ನು ಜೋಡಿಸಿ ಪ್ರಯತ್ನಿಸಬಹುದು. ಆದರೆ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಬಾರದು. ಪ್ಲಗ್ಗನ್ನು ಕಿತ್ತ ಮೇಲೂ ಅದರೊಳಗೆ 300 ವೋಲ್ಟ್‌ಗೂ ಮೀರಿದ ವಿದ್ಯುತ್ತು ಸ್ವಲ್ಪಕಾಲ ಉಳಿದಿರಬಲ್ಲದು.

ಫ್ಯಾನ್ ತಿರುಗುತ್ತಿದ್ದು ಪರದೆ ಕಪ್ಪಾಗಿಯೇ ಇದ್ದರೆ, ಅಥವಾ ಬೀಪ್ ಸದ್ದುಗಳು ಕೇಳಿಬಂದರೆ ಎರಡನೆಯ ಹಂತವನ್ನು ಗಮನಿಸಬೇಕು. ಪರದೆಯ ಕೇಬಲ್ ಸಡಿಲವಾಗಿದೆಯೇ ನೋಡಿ, ಪೆನ್‌ಡ್ರೈವ್, ಪ್ರಿಂಟರ್ ಮೊದಲಾದ ಹೊರಗಿನ ಸಾಧನಗಳನ್ನು ಕಳಚಿ ಪುನಃ ಪ್ರಯತ್ನಿಸುವುದು ಲೇಸು. ಬೀಪ್ ಸದ್ದುಗಳ ಅರ್ಥವು ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ಯಂತ್ರದ ಕೈಪಿಡಿಯನ್ನು ನೋಡುವುದು ಒಳ್ಳೆಯದು. ಸ್ಮೃತಿಕೋಶದ ಪಟ್ಟಿ ಅಲುಗಿದ್ದರೂ ಹೀಗಾಗುತ್ತದೆ. ಅದನ್ನು ತೆಗೆದು ಕೂರಿಸುವ ಮುನ್ನ ಪ್ಲಗ್ಗನ್ನು ಕಿತ್ತು, ಯಂತ್ರದ ಲೋಹದ ಚೌಕಟ್ಟನ್ನು ಮುಟ್ಟಬೇಕು. ಚಳಿಗಾಲದ ಒಣಹವೆಯಲ್ಲಿ ಮೈಮೇಲೆ ಶೇಖರವಾಗುವ ಸ್ಥಿರ ವಿದ್ಯುತ್ತು ಸೂಕ್ಷ್ಮ ಭಾಗಗಳನ್ನು ಕೆಡಿಸಬಲ್ಲದು. ಪ್ರತಿ ಬಾರಿಯೂ ದಿನಾಂಕ ತಪ್ಪಾಗಿ ತೋರುತ್ತಿದ್ದರೆ ಮುಖ್ಯ ಫಲಕದಲ್ಲಿರುವ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಮುಗಿದಿರುವ ಸಂಭವವಿದೆ. ಕೆಲವು ನಿಮಿಷ ನಡೆದು ತಾನಾಗಿಯೇ ಆರಿಹೋಗುವ ಯಂತ್ರದಲ್ಲಿ ಧೂಳು ಕಟ್ಟಿಕೊಂಡು ಶಾಖ ಹೊರಹೋಗದಿರುವುದೂ ಕಾರಣವಾಗಿರಬಹುದು. ದೆಹಲಿಯ ಬೇಸಿಗೆಯಲ್ಲಿ ಇದು ಹೆಚ್ಚು.

ತಯಾರಕರ ಲಾಂಛನವು ಪರದೆಯ ಮೇಲೆ ಮೂಡಿ, ಅನಂತರ ಯಂತ್ರವು ಮತ್ತೆ ಮತ್ತೆ ಮೊದಲಿನಿಂದ ಆರಂಭವಾಗುತ್ತಿದ್ದರೆ ಅದು ಮೂರನೆಯ ಹಂತದ ತೊಂದರೆ. 2024ರ ಜುಲೈ 19ರಂದು ಇಡೀ ಜಗತ್ತೇ ಇದನ್ನು ಅನುಭವಿಸಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ದೋಷಯುಕ್ತ ಪರಿಷ್ಕರಣೆಯಿಂದಾಗಿ, ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ, ಸುಮಾರು 85 ಲಕ್ಷ ಗಣಕಯಂತ್ರಗಳು ಸ್ಥಗಿತಗೊಂಡವು. ದೆಹಲಿ, ಬೆಂಗಳೂರು ಮೊದಲಾದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರು ಕಾಯಬೇಕಾಯಿತು. ಭಾರತದಲ್ಲಿ ಕೆಲವೆಡೆ ವಿಮಾನಯಾನದ ಪ್ರವೇಶಪತ್ರಗಳನ್ನು ಕೈಯಿಂದ ಬರೆದುಕೊಡಲಾಯಿತು. ಆದರೆ ಆ ಯಂತ್ರಗಳ ಸಂಗ್ರಾಹಕಗಳಲ್ಲಿದ್ದ ಮಾಹಿತಿಗೆ ಧಕ್ಕೆಯಾಗಿರಲಿಲ್ಲ. ಸೇಫ್ ಮೋಡ್ ಎಂಬ ಸುರಕ್ಷಿತ ವಿಧಾನದಲ್ಲಿ ಯಂತ್ರವನ್ನು ಆರಂಭಿಸಿ, ದೋಷಯುಕ್ತ ಕಡತವೊಂದನ್ನು ತೆಗೆದುಹಾಕಿದರೆ ಸಾಕಾಗಿತ್ತು. ಬಿಟ್‌ಲಾಕರ್ ಬೀಗಮುದ್ರೆಯಿದ್ದ ಯಂತ್ರಗಳಿಗೆ ಮಾತ್ರ 48 ಅಂಕಿಗಳ ಮರುಪ್ರಾಪ್ತಿ ಸಂಖ್ಯೆಯೂ ಬೇಕಾಯಿತು. ಮನೆಯ ಲ್ಯಾಪ್‌ಟಾಪ್‌ಗಳಲ್ಲಿಯೂ ಈ ಬೀಗಮುದ್ರೆ ಇರಬಹುದಾದ್ದರಿಂದ, ಆ ಸಂಖ್ಯೆಯನ್ನು ಮೊದಲೇ ಬರೆದು ಬೇರೆಡೆ ಇರಿಸಿಕೊಳ್ಳುವುದು ವಿವೇಕದ ಕೆಲಸ.

ಸೇಫ್ ಮೋಡ್‌ನಿಂದಲೂ ಪ್ರಯೋಜನವಾಗದಿದ್ದಲ್ಲಿ, ದುರಸ್ತಿಗಿಂತ ಮುಂಚೆ ಮಾಹಿತಿಯ ಪ್ರತಿಯನ್ನು ತೆಗೆದುಕೊಳ್ಳತಕ್ಕದ್ದು. ಪೆನ್‌ಡ್ರೈವ್‌ನಿಂದ ಲಿನಕ್ಸ್ ಚಾಲನೆಗೊಳಿಸಿ ಕಡತಗಳನ್ನು ನಕಲು ಮಾಡಬಹುದು. ಇಲ್ಲವೆ ಸಂಗ್ರಾಹಕವನ್ನು ಹೊರತೆಗೆದು ಮತ್ತೊಂದು ಯಂತ್ರಕ್ಕೆ ಜೋಡಿಸಬಹುದು. ಹಾರ್ಡ್ ಡಿಸ್ಕಿನಿಂದ ಟಿಕ್ ಟಿಕ್ ಎಂಬ ಸದ್ದು ಕೇಳಿಬಂದರೆ ತಕ್ಷಣವೇ ಯಂತ್ರವನ್ನು ಆರಿಸಬೇಕು. ಅಂತಹ ಸ್ಥಿತಿಯಲ್ಲಿ ಮತ್ತೆ ಮತ್ತೆ ಗುಂಡಿ ಒತ್ತಿದಷ್ಟೂ ಉಳಿದಿರುವುದೂ ನಾಶವಾಗುತ್ತದೆ. ದೆಹಲಿಯ ನೆಹರೂ ಪ್ಲೇಸ್ ಇರಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಿರಲಿ, ದುರಸ್ತಿಗೆ ಕೊಡುವಾಗ ಮಾಹಿತಿಯನ್ನು ಅಳಿಸಕೂಡದೆಂದು, ಅಂದರೆ ಫಾರ್ಮ್ಯಾಟ್ ಮಾಡಕೂಡದೆಂದು, ರಸೀದಿಯಲ್ಲಿ ಬರೆಸಿಕೊಳ್ಳುವುದು ಅವಶ್ಯಕ. ಸೇವೆಯಲ್ಲಿ ಅನ್ಯಾಯವಾದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು.

ಮಳೆಗಾಲದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. 2024ರ ಜುಲೈ 27ರಂದು ಓಲ್ಡ್ ರಾಜಿಂದರ್ ನಗರದ ತರಬೇತಿ ಕೇಂದ್ರವೊಂದರ ನೆಲಮಾಳಿಗೆಯ ಗ್ರಂಥಾಲಯಕ್ಕೆ ಮಳೆನೀರು ನುಗ್ಗಿ ಮೂವರು ಅಭ್ಯರ್ಥಿಗಳು ಅಸುನೀಗಿದರು. ನೀರು ತುಂಬುತ್ತಿರುವ ಸ್ಥಳದಿಂದ ಪುಸ್ತಕವನ್ನಾಗಲಿ ಕಂಪ್ಯೂಟರನ್ನಾಗಲಿ ತರಲು ಯಾರೂ ಮರಳಿ ಹೋಗಬಾರದು. ನೀರಿನಲ್ಲಿ ನಿಂತು ಸ್ವಿಚ್ಚು ಅಥವಾ ಪ್ಲಗ್ಗನ್ನು ಮುಟ್ಟುವುದು ಪ್ರಾಣಾಂತಿಕ. ನೆನೆದ ಯಂತ್ರವು ಚಾಲನೆಗೊಳ್ಳುವುದೇ ಎಂದು ಪರೀಕ್ಷಿಸಲೂ ಬಾರದು. ವಿದ್ಯುತ್ ಸಂಪರ್ಕವಿಲ್ಲದೆ ಅದನ್ನು ಹಾಗೆಯೇ ತಂತ್ರಜ್ಞರ ಕೈಗೆ ಒಪ್ಪಿಸಿದರೆ ಸಂಗ್ರಾಹಕದ ಮಾಹಿತಿ ಉಳಿಯುವ ಸಾಧ್ಯತೆಯಿರುತ್ತದೆ.

ಇವೆಲ್ಲಕ್ಕಿಂತ ಮಿಗಿಲಾದ ಉಪಾಯವೆಂದರೆ ಮುಂಜಾಗ್ರತೆ. ಮುಖ್ಯ ಕಡತಗಳ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಬೇರೊಂದು ಸ್ಥಳದಲ್ಲಿ ಇರಬೇಕೆಂಬುದು ತಜ್ಞರ ನಿಯಮ. ಕೊಠಡಿಯ ಯಂತ್ರದಲ್ಲಿ ಒಂದು, ಪೆಟ್ಟಿಗೆಯಲ್ಲಿಟ್ಟ ಪೆನ್‌ಡ್ರೈವ್‌ನಲ್ಲಿ ಒಂದು, ಅಂತರಜಾಲ ಸಂಗ್ರಹದಲ್ಲಿ ಒಂದು ಇದ್ದರೆ ಆಯಿತು. ಅಂಕಪಟ್ಟಿ ಮೊದಲಾದ ದಾಖಲೆಗಳಿಗೆ ಸರ್ಕಾರದ ಡಿಜಿಲಾಕರ್ ವ್ಯವಸ್ಥೆಯಿದೆ. ವಾರಕ್ಕೊಮ್ಮೆ ಕೆಲವು ನಿಮಿಷಗಳನ್ನು ಈ ಕಾರ್ಯಕ್ಕೆ ಮೀಸಲಿಟ್ಟವರಿಗೆ ಯಂತ್ರವು ಒಂದು ಬೆಳಿಗ್ಗೆ ಚಾಲನೆಗೊಳ್ಳದಿದ್ದರೂ ಆಗುವುದು ದುರಸ್ತಿಯ ಖರ್ಚಷ್ಟೇ. ವರ್ಷಗಳ ಪರಿಶ್ರಮವು ಅವರ ಕೈತಪ್ಪಿ ಹೋಗುವುದಿಲ್ಲ.