ನಾಲ್ಕು ಕವಡೆಯ ಕಥೆಯಾಟ



ಆಟವೆಂದ ಮೇಲೆ ಗೆಲ್ಲುವವರು, ಸೋಲುವವರು ಇರಲೇಬೇಕೆಂದು ನಾವು ತಿಳಿದಿದ್ದೇವೆ. ಚೌಕಾಬಾರದಲ್ಲಿ ಕಾಯಿ ಹಣ್ಣಾಗಬೇಕು, ಅಳಗುಳಿಮನೆಯಲ್ಲಿ ಕಾಳು ಹೆಚ್ಚಬೇಕು. ಯಾರೂ ಗೆಲ್ಲದ, ಯಾರೂ ಸೋಲದ, ಆಡಿ ಎದ್ದಾಗ ಕಥೆಯೊಂದು ಮಾತ್ರ ಉಳಿಯುವ ಆಟವೂ ಇದೆ. ನಾಲ್ಕೈದು ಜನ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ಬಾಯಿಮಾತಿನಲ್ಲೇ ಕಥೆ ಕಟ್ಟುತ್ತಾ ಹೋಗುವ ಆಟ ಅದು. ಸದ್ಯಕ್ಕೆ ಇದನ್ನು ಕಥೆಯಾಟ ಎನ್ನೋಣ. ಇಂಥ ಆಟವನ್ನು ಶಿವಮೊಗ್ಗ, ಭದ್ರಾವತಿಯ ತರುಣರು ತಾವೇ ರಚಿಸಿ ಹೊರತರುವುದು ಹೇಗೆ ಎಂಬುದು ಇಂದಿನ ಮಾತು.

ಇದು ಅಚ್ಚಾಗಿ ಅಂಗಡಿಗೆ ಬಂದದ್ದು 1974ರಲ್ಲಿ, ಅಮೆರಿಕದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ರಚಿಸಿದ ಆ ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಒಂದು ಪೆಟ್ಟಿಗೆ, ಅದರೊಳಗೆ ಮೂರು ಪುಟ್ಟ ಪುಸ್ತಿಕೆ. ಮೊದಲ ಮುದ್ರಣ 1,000 ಪ್ರತಿ. ಗೈಗ್ಯಾಕ್ಸ್ ವಿಮಾ ಕಂಪನಿಯ ಕೆಲಸ ಕಳೆದುಕೊಂಡು, ಪಾದರಕ್ಷೆ ರಿಪೇರಿ ಮಾಡಿ ಸಂಸಾರ ನಡೆಸುತ್ತಿದ್ದ ಮನುಷ್ಯ. ಕಾರ್ಖಾನೆಯ ಊರಿನ ನಮಗೆ ಈ ವಿವರ ಮರೆಯುವಂಥದ್ದಲ್ಲ.

ನಮಗೆ ಇದು ತೀರಾ ಹೊಸದೇ? ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಯವರು ತಾಳಮದ್ದಳೆಯನ್ನು ಬಲ್ಲರು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ. ಕುಳಿತ ಅರ್ಥಧಾರಿಗಳು ಒಬ್ಬ ಕರ್ಣನಾಗಿ, ಇನ್ನೊಬ್ಬ ಕೃಷ್ಣನಾಗಿ ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ವಾದಕ್ಕೆ ಇಳಿಯುತ್ತಾರೆ. ಕಥೆಯಾಟದಲ್ಲಿಯೂ ಭಾಗವತರಂತೆ ನಡೆಸುವವರೊಬ್ಬರಿರುತ್ತಾರೆ, ಉಳಿದವರು ಅರ್ಥ ಹೇಳುತ್ತಾರೆ. ವ್ಯತ್ಯಾಸ ಒಂದೇ, ಆದರೆ ದೊಡ್ಡದು. ತಾಳಮದ್ದಳೆಯಲ್ಲಿ ಕರ್ಣ ಎಷ್ಟೇ ಚೆನ್ನಾಗಿ ವಾದಿಸಲಿ, ಪ್ರಸಂಗದ ಕೊನೆ ಬದಲಾಗದು. ಕಥೆಯಾಟದಲ್ಲಿ ಕೊನೆ ಯಾರಿಗೂ ಗೊತ್ತಿಲ್ಲ, ನಡೆಸುವವರಿಗೂ ಗೊತ್ತಿಲ್ಲ.

ಹಾಗಾದರೆ ಯಾವ ಕಥೆ? ಡ್ರ್ಯಾಗನ್ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಬೆಂಕಿ ಉಗುಳುವುದನ್ನೇ ನೋಡಬೇಕಾದರೆ ನಮ್ಮ ಊದುಕುಲುಮೆ ಇತ್ತಲ್ಲ! ಹಿಂದೆ ಬೆಂಕಿಪುರವಾಗಿದ್ದ ಊರಿನಲ್ಲಿ 1918ರಲ್ಲಿ ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆಗೆ ಕೈಹಾಕಿತು. 1923ರಲ್ಲಿ ಕಬ್ಬಿಣ ಹರಿಯಿತು. ಅದಿರು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಮಲೆನಾಡಿನ ಕಾಡಿನಿಂದ. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ನ್ಯೂಟೌನ್, ಪೇಪರ್ ಟೌನ್ ಎಂದು ಬಡಾವಣೆಗಳಿಗೆ ಹೆಸರು ಬಂದದ್ದು ಹೀಗೆ. ಮುಂದೆ ಕಾಗದದ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಇಂಥ ಊರಿಗೆ ಕಥೆಯನ್ನು ಬೇರೆಡೆಯಿಂದ ತರಿಸಬೇಕೇ?

ಉದಾಹರಣೆಗೆ ಒಂದು ಆಟ ಕಟ್ಟಿ ನೋಡೋಣ. ಪಾತ್ರಗಳು ನಾಲ್ಕು: ಕುಲುಮೆಯ ಮುಂದೆ ನಿಲ್ಲುವ ಕಾಯಂ ನೌಕರ, ಅವನ ಪಕ್ಕದಲ್ಲೇ ಅದೇ ಕೆಲಸ ಮಾಡುವ ಗುತ್ತಿಗೆಯವನು, ಉದ್ರಿ ಪುಸ್ತಕ ಇಟ್ಟುಕೊಂಡ ಅಂಗಡಿಯಾಕೆ, ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಓಡಾಡಿ ಓದುವ ಮಗಳು. ಹೊರಗಿನ ಆಟಗಳಲ್ಲಿ ಪಾತ್ರಕ್ಕೆ ಬಲ ಇಷ್ಟು, ಬುದ್ಧಿ ಇಷ್ಟು ಎಂದು ಅಂಕಿ ಕೊಡುವ ಪದ್ಧತಿಯುಂಟು. ನನ್ನ ಮಟ್ಟಿಗೆ ಇಲ್ಲಿ ಅದು ಬೇಡ. ಪಾತ್ರಕ್ಕೊಂದು ಪ್ರಶ್ನೆ ಕೊಟ್ಟರೆ ಸಾಕು. ಕ್ವಾರ್ಟರ್ಸ್ ಬಿಡಬೇಕೇ? ಗೆಳೆಯನ ಪರವಾಗಿ ಸಹಿ ಹಾಕಬೇಕೇ? ಬಾಕಿ ಕೇಳಬೇಕೇ? ಬೆಂಗಳೂರಿಗೆ ಹೋಗಿಬಿಡಬೇಕೇ? ಪ್ರಶ್ನೆಗಳು ಒಂದನ್ನೊಂದು ತಾಕುವಂತಿರಬೇಕು. ಒಬ್ಬನ ಉತ್ತರ ಇನ್ನೊಬ್ಬನಿಗೆ ತೊಡಕಾಗದಿದ್ದರೆ ಆಟ ಅರ್ಧ ಗಂಟೆಯಲ್ಲಿ ಸಪ್ಪೆಯಾಗುತ್ತದೆ.

ಮೇಜಿನ ನಡುವೆ ಒಂದು ಬಟ್ಟಲಿನಲ್ಲಿ ಇಪ್ಪತ್ತು ಹುಣಸೆ ಬೀಜ ಇಡಿ. ಅದು ಕಾಡು. ಯಾವ ಪಾತ್ರವಾದರೂ ಕಾರ್ಖಾನೆಯಿಂದ ನೆರವು ಪಡೆದರೆ ಒಂದು ಬೀಜ ಹೊರಗೆ. ಯಾರೂ ಭಾಷಣ ಮಾಡಬೇಕಾಗಿಲ್ಲ. ಬಟ್ಟಲು ಬರಿದಾಗುವುದು ಎಲ್ಲರಿಗೂ ಕಾಣುತ್ತದೆ. ಆಟದ ನಿಯಮ ಎಂದರೆ ಇದೇ. ಯಾವುದಕ್ಕೆ ಬೆಲೆ ತೆರಬೇಕು ಎಂಬುದನ್ನು ನಿಯಮ ಹೇಳಬೇಕು, ಮಿಕ್ಕದ್ದನ್ನು ಆಡುವವರು ಹೇಳುತ್ತಾರೆ.

ದಾಳಕ್ಕೆ ಬದಲು ಕವಡೆ. ಚೌಕಾಬಾರದ ಲೆಕ್ಕ ನಿಮಗೆ ಗೊತ್ತು. ನಾಲ್ಕು ಕವಡೆಯಲ್ಲಿ ಅಂಗಾತ ಬಿದ್ದವೆಷ್ಟೋ ಅಷ್ಟು. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಕವಡೆ ಎರಡು ಮಗ್ಗುಲಿಗೂ ಸಮವಾಗಿ ಬೀಳುತ್ತದೆ ಎಂದಿಟ್ಟುಕೊಳ್ಳಿ. ಹದಿನಾರು ಬಗೆಯ ಬೀಳುವಿಕೆಯಲ್ಲಿ ಎರಡು ಬರುವುದು 6 ಸಲ, ಒಂದು 4 ಸಲ, ಮೂರು 4 ಸಲ; ಚೌಕ ಒಂದೇ ಸಲ, ಬಾರವೂ ಒಂದೇ ಸಲ. ಹೆಚ್ಚಾಗಿ ಬೀಳುವ ಎರಡಕ್ಕೆ "ಕೆಲಸವಾಯಿತು, ಆದರೆ ಏನೋ ಕೈತಪ್ಪಿತು" ಎಂಬ ಫಲ ಇಡಿ. ಮೂರಕ್ಕೆ ಆಯಿತು, ಒಂದಕ್ಕೆ ಆಗಲಿಲ್ಲ. ಚೌಕ ಬಿದ್ದರೆ ಬಯಸದೇ ಬಂದ ನೆರವು. ಬಾರ ಬಿದ್ದರೆ ಊರಿಗೇ ತಟ್ಟುವ ಸುದ್ದಿ. ವಿನ್ಸೆಂಟ್ ಮತ್ತು ಮೆಗ್ವೇ ಬೇಕರ್ ದಂಪತಿಗಳು 2010ರಲ್ಲಿ ತಾವೇ ಪ್ರಕಟಿಸಿದ ಅಪೊಕ್ಯಾಲಿಪ್ಸ್ ವರ್ಲ್ಡ್ ಎಂಬ ಆಟದಲ್ಲಿಯೂ ಈ ನಡುವಣ ಫಲಕ್ಕೇ ಹೆಚ್ಚು ತೂಕ. ಕಥೆಯನ್ನು ಮುಂದಕ್ಕೆ ದೂಡುವುದು ಪೂರಾ ಗೆಲುವೂ ಅಲ್ಲ, ಪೂರಾ ಸೋಲೂ ಅಲ್ಲ. ಅಂದಹಾಗೆ ಎಲ್ಲ ಕವಡೆಯೂ ಸಮವಾಗಿ ಬೀಳುವುದಿಲ್ಲ. ನೂರು ಸಲ ಎಸೆದು ಬರೆದಿಟ್ಟುಕೊಂಡು ಆಮೇಲೆ ಫಲಗಳನ್ನು ಹೊಂದಿಸಿಕೊಳ್ಳಿ.

ಇನ್ನೊಂದು ನಿಯಮವನ್ನು ಮೊದಲ ಪುಟದಲ್ಲೇ ಅಚ್ಚು ಹಾಕಬೇಕು. ಭದ್ರಾವತಿಯಲ್ಲಿ ಈ ಆಟಕ್ಕೆ ಕುಳಿತವರಲ್ಲಿ ಒಬ್ಬರು ನಿಜವಾಗಿಯೂ ಕೆಲಸ ಕಳೆದುಕೊಂಡಿರಬಹುದು. ಆದ್ದರಿಂದ ಯಾರೇ ಆಗಲಿ ಅಂಗೈಯನ್ನು ಮೇಜಿನ ಮೇಲಿಟ್ಟರೆ ಆ ದೃಶ್ಯ ಅಲ್ಲಿಗೇ ನಿಲ್ಲತಕ್ಕದ್ದು. ಕಾರಣ ಕೇಳಕೂಡದು.

ಬರೆದಾದ ಮೇಲೆ ಆಡಿಸಿ ನೋಡುವ ಕೆಲಸ. ನೀವೇ ನಡೆಸಿ ನೋಡಿದರೆ ಸಾಲದು, ಏಕೆಂದರೆ ಪುಸ್ತಿಕೆಯಲ್ಲಿ ಇಲ್ಲದ್ದನ್ನು ನೀವು ಬಾಯಲ್ಲಿ ತುಂಬಿಸಿಬಿಡುತ್ತೀರಿ. ಪರಿಚಯವಿಲ್ಲದವರ ಕೈಗೆ ಕೊಟ್ಟು, ದೂರ ಕುಳಿತು, ಸುಮ್ಮನಿರಿ. ಅವರು ಎಲ್ಲಿ ಪುಟ ಹಿಂದಕ್ಕೆ ತಿರುವುತ್ತಾರೋ ಅಲ್ಲಿ ನಿಮ್ಮ ವಾಕ್ಯ ಕೆಟ್ಟಿದೆ. ನಿವೃತ್ತ ಕಾರ್ಮಿಕರನ್ನೂ ಕೂರಿಸಿ. "ಪಾಳಿ ಬದಲಾಗುವಾಗ ಹಾಗೆ ಮಾತಾಡುತ್ತಿರಲಿಲ್ಲ ಕಣಪ್ಪ" ಎಂದು ಅವರು ತಿದ್ದುವ ಒಂದು ಮಾತು ಯಾವ ಪುಸ್ತಕದಲ್ಲಿಯೂ ಸಿಗುವುದಿಲ್ಲ. ಊದುಕುಲುಮೆಯ ಮುಂದೆ ನಿಂತವರೆಲ್ಲ ಈಗ ಅಜ್ಜಂದಿರು. ಈ ಕೆಲಸವನ್ನು ಮುಂದಿನ ವರ್ಷಕ್ಕೆ ಹಾಕುವಂತಿಲ್ಲ.

ಹೊರತರುವುದು ಅಷ್ಟೇನೂ ಕಷ್ಟವಲ್ಲ. ಎ4 ಹಾಳೆ ಎಂಟನ್ನು ನಡುವೆ ಮಡಿಸಿ ಪಿನ್ ಹೊಡೆದರೆ 32 ಪುಟ. ಪುಟಗಳ ಸಂಖ್ಯೆ ನಾಲ್ಕರ ಮಗ್ಗಿಯಲ್ಲಿರಲಿ, ಇಲ್ಲವಾದರೆ ಖಾಲಿ ಪುಟಕ್ಕೂ ದುಡ್ಡು ಕೊಡಬೇಕಾಗುತ್ತದೆ. ಮೊದಲು ಐವತ್ತು ಪ್ರತಿ ಸಾಕು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಆಟದ ಉಪಾಯಕ್ಕೆ ಹಕ್ಕಿಲ್ಲ. ನೀವು ಬರೆದ ಮಾತಿಗೆ, ಬಿಡಿಸಿದ ಚಿತ್ರಕ್ಕೆ ಹಕ್ಕಿದೆ. ನೋಂದಣಿ ಕಡ್ಡಾಯವಲ್ಲ. ಪೆಟ್ಟಿಗೆ, ಬಣ್ಣದ ಚಿತ್ರ, ಪ್ಲಾಸ್ಟಿಕ್ ಗೊಂಬೆಗಳ ಆಸೆಯನ್ನು ಮೊದಲ ಮುದ್ರಣಕ್ಕೆ ಬಿಡಿ. ಕವಡೆ, ಹುಣಸೆ ಬೀಜ ಆಡುವವರ ಮನೆಯಲ್ಲೇ ಇರುತ್ತವೆ. ಸಾಗರದ ಬಳಿಯ ಹೆಗ್ಗೋಡಿನಂಥ ಹಳ್ಳಿಯಿಂದ ಅಕ್ಷರ ಪ್ರಕಾಶನ ನಾಡೆಲ್ಲ ಓದುವ ಪುಸ್ತಕ ತಂದಿರುವಾಗ, ಭದ್ರಾವತಿಯಿಂದ 32 ಪುಟ ಬರಲಾರದೇ?

ಬೆಲೆಯ ಮಾತು. ಅಚ್ಚಿನ ಖರ್ಚು ಹುಟ್ಟಿ, ಮುಂದಿನ ಐವತ್ತು ಪ್ರತಿಗೆ ಕಾಗದ ಕೊಳ್ಳುವಷ್ಟು ಉಳಿದರೆ ಸರಿ. ಎರಡು ಪ್ರತಿಗಳನ್ನು ಮಾರದೆ ತೆಗೆದಿಡಿ: ಒಂದು ಶಿವಮೊಗ್ಗದ ಗ್ರಂಥಾಲಯಕ್ಕೆ, ಇನ್ನೊಂದು ನಿಮ್ಮ ವಾಕ್ಯ ತಿದ್ದಿದ ಆ ಅಜ್ಜನಿಗೆ.